ಒಂದೇ ಸಾಲಿನ ಹನ್ನೊಂದು ವರ್ಷ

ಬಿಬವೇವಾಡಿ, ಪುಣೆ
೭ ಡಿಸೆಂಬರ್ ೨೦೨೪, ಶನಿವಾರ

ಮಗಳು ದೀಪಾಲಿಗೆ, ನಿನ್ನ ಅವ್ವನ ಆಶೀರ್ವಾದಗಳು.

ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಆರಾಮವಾಗಿದ್ದೇವೆ.

ಎದುರಿನ ಹೊಸ ಕಟ್ಟಡದಲ್ಲಿ ಯಾದಗಿರಿ ಕಡೆಯ ಶರಣಮ್ಮ ಇಟ್ಟಿಗೆ ಹೊರುತ್ತಿದ್ದಳು. ದೀಪಾವಳಿಗೆ ಮುಂಚೆ ಕಾಲು ಮುರಿದುಕೊಂಡಳು. ಮಧ್ಯಾಹ್ನವೆಲ್ಲ ಒಬ್ಬಳೇ ತಗಡಿನ ಶೆಡ್ಡಿನಲ್ಲಿ ಕೂರುವುದನ್ನು ನೋಡಲಾರದೆ ಮನೆಗೆ ಕರೆದು, ನೀನು ಬಿಟ್ಟುಹೋದ ಆ ದಪ್ಪ ಹಳೆ ಕಾದಂಬರಿಯನ್ನು ಓದಿ ಹೇಳತೊಡಗಿದೆ. ಅವಳಿಗೆ ಓದು ಬಾರದು. ಕಿವಿ ಮಾತ್ರ ಬಲು ಚುರುಕು.

ಅಣ್ಣತಮ್ಮಂದಿರ ಜಗಳದ ಕಥೆ. ಜಗಳವಾದ ಒಂದು ಬೆಳಗಿಗೇ ಅರವತ್ತು ಪುಟ: ಯಾರು ಹಾಲು ಕಾಸಿದರು, ಯಾರು ಮೊದಲು ದನಿ ಏರಿಸಿದರು, ಎಲ್ಲವೂ. ನಡುವೆ ಸ್ವಲ್ಪ ಬಿಟ್ಟು ಓದಲೇ ಎಂದರೆ ಶರಣಮ್ಮ ಒಪ್ಪಲಿಲ್ಲ. ಆಮೇಲಿನ ಅಧ್ಯಾಯ ಶುರುವಾಗುವುದೇ ಹನ್ನೊಂದು ವರ್ಷ ಕಳೆದವು ಎಂದು. ನಾನು ಮುಂದೆ ಓದುತ್ತಿದ್ದೆ, ಅವಳು ಕೈ ಹಿಡಿದು ನಿಲ್ಲಿಸಿದಳು.

"ಹನ್ನೊಂದು ವರ್ಷ ಒಂದ ಮಾತಿನ್ಯಾಗ ಹೋದವೇನ್ರಿ ಅಕ್ಕಾರ? ಅಷ್ಟು ದಿನ ಅವರು ಉಂಡಿಲ್ಲೇನು, ಅತ್ತಿಲ್ಲೇನು?"

ಹೇಳುವಂಥದ್ದು ಏನೂ ನಡೆದಿರಲಿಕ್ಕಿಲ್ಲ ಎಂದೆ. ಹೇಳಿದ ಮೇಲೆ ನನ್ನದೇ ಮಾತು ನೆನಪಾಯಿತು. ಮಕ್ಕಳೆಷ್ಟು ಎಂದು ಅವಳು ಕೇಳಿದ್ದಾಗ, ಒಬ್ಬಳೇ ಮಗಳು, ಇಲ್ಲೇ ಪುಣೆ ಹತ್ತಿರ ಚಾಕಣದಲ್ಲಿದ್ದಾಳೆ ಎಂದಷ್ಟೇ ಹೇಳಿ ಮುಗಿಸಿದವಳು ನಾನು.

ಅಂದು ಪುಸ್ತಕ ಮುಚ್ಚಿ ಅವಳಿಗೆ ಎಲ್ಲ ಹೇಳಿದೆ. ನೀನು ಪ್ರಣವನನ್ನು ಮದುವೆಯಾದದ್ದಕ್ಕೆ ಅಪ್ಪ ಮಾತು ಬಿಟ್ಟರು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವರು ವರ್ಷದೊಳಗೇ ಕರಗಿದ್ದರು. ಹೋಗಿ ಬರೋಣ ಎಂದವರನ್ನು ತಡೆದವಳು ನಾನು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದ ಸಂಜೆ ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿದೆ. ಕಳಿಸಲಿಲ್ಲ. ನಾವೇ ತಿಂದೆವು.

ಕಾದಂಬರಿ ಕೊನೆಗೆ ಮತ್ತೆ ನಿಧಾನವಾಗುತ್ತದೆ. ತಮ್ಮ ಬಂದು ಬಾಗಿಲಲ್ಲಿ ನಿಂತ ಮೇಲೆ ಅಣ್ಣ ಅಗುಳಿ ತೆಗೆಯಲು ನಾಲ್ಕು ಪುಟ ಬೇಕು. ನಾನು ತಡೆಯಲಾರದೆ ಓಡಿಸಿ ಓದಿದೆ.

"ಸಾವಕಾಶ ಓದ್ರಿ," ಎಂದಳು ಶರಣಮ್ಮ. "ಇದಕ್ಕಾಗೇ ಕುಂತೀವಿ ಇಷ್ಟು ದಿನ."

ತಪ್ಪು ನನ್ನದು, ಮಗಳೇ. ಕೂಸು ಯಾವಾಗ ಹೆಜ್ಜೆ ಇಟ್ಟಿತು, ಜ್ವರ ಬಂದಾಗ ನಿನ್ನ ಜೊತೆ ಯಾರಿದ್ದರು, ನನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು, ಒಂದನ್ನೂ ಬಿಡದೆ ಹೇಳು. ಕೇಳಿಸಿಕೊಳ್ಳುತ್ತೇನೆ.

ನಿನ್ನ ಅವ್ವ,
ಕಮಲಮ್ಮ

ತಾ.ಕ.: ಲಕೋಟೆಯ ಮೇಲೆ ಬರೆಯಲು ವಿಳಾಸ ಕೇಳಿದರೆ ನಿನ್ನ ಅಪ್ಪ ಕಿಸೆಯಿಂದ ಚೀಟಿ ತೆಗೆದರು. ಮಡಿಕೆಯಲ್ಲೆಲ್ಲ ಹರಿದಿದೆ. ಇನ್ನು ಅಂಚೆ ಬೇಡ, ನಾಳೆ ರವಿವಾರ, ನಾವೇ ಈ ಕಾಗದ ತರುತ್ತೇವೆ. ನೀನು ಇದನ್ನು ಓದುವಾಗ ಇಬ್ಬರೂ ನಿನ್ನ ಎದುರಿಗೆ ಕೂತಿರುತ್ತೇವೆ.