ಅಂಬೇವಾಡಿ ಬಂತು, ಇಳೀರಿ

ದಾಂಡೇಲಿ, ಶುಕ್ರವಾರ

ಹುಬ್ಬಳ್ಳಿಯ ಉದಯಕುಮಾರ ಅವರಿಗೆ ಶರಣು.

ನನ್ನ ಪುಟ್ಟ ಆಟಿಗಿ ರೈಲಿಗೆ ನೀವು ಕೂಡಿಸಿದ ಡಿಜಿಟಲ್ ಚಿಪ್ ಚಲೋ ನಡದಿತ್ತು. ಒಂದು ಬಟನ್ ಒತ್ತಿದರ ಸೀಟಿ, ಇನ್ನೊಂದಕ್ಕ ತೀರಿಹೋದ ನನ್ನಾಕಿ ಶಿವಗಂಗಾ, ಆಕಿ ಮೊಬೈಲಿನಿಂದ ನೀವು ತುಂಬಿದ ಧ್ವನಿಯೊಳಗ, “ಅಂಬೇವಾಡಿ ಬಂತು, ಇಳೀರಿ” ಅಂತ ನಮ್ಮೂರ ಸ್ಟೇಶನ್ ಸಾರತಿದ್ದಳು. ಆಯುಧಪೂಜೆಗೆ ಗಾಲಿಗೆ, ಕರೆಂಟ್ ಹರಿಯೂ ಹಳಿಗೆ ವಿಭೂತಿ ಹಚ್ಚಿದೆ. ಅದು ಆಕೀದೇ ರೂಢಿ. ಅವತ್ತಿನಿಂದ ಗಾಡಿ ತಡವರಿಸತೈತಿ, ಆಕಿ ಮಾತು “ಅಂಬೇ” ಅನ್ನೂದಕ್ಕ ನಿಂತುಬಿಡತೈತಿ.

ಕೈಪಿಡಿಯೊಳಗ ‘ರೀಸೆಟ್’ ಮಾಡ್ರಿ ಅಂತೈತಿ. ಕಾಲೇಜಿನ ಇಂಗ್ಲಿಷ್ ಅರ್ಧ ಮರತೇನಿ, ಆದರ ಅದರ ಕೆಳಗಿನ ‘ಇರೇಸ್’ ತಿಳೀತು, ತುಂಬಿದ್ದೆಲ್ಲಾ ಅಳಿಸಿಹೋಗತೈತಿ. ಆಕಿ ಮೊಬೈಲ್ ಕೆಟ್ಟುಹೋಗೇತಿ, ಧ್ವನಿ ಈ ಎಂಜಿನ್ನಿನ್ಯಾಗಷ್ಟ ಉಳದೈತಿ. ವಿಭೂತಿ ಒರೆಸಿದರ ಸಾಕೇನ್ರಿ? ನೀವು ಹೇಳೂತನಕ ಏನೂ ಒತ್ತೂದಿಲ್ಲ.

ಫೋನ್ ಬ್ಯಾಡ, ಬರದು ತಿಳಸ್ರಿ. ನನಗ ಕಿವಿ ಮಂದ. ಆಕಿ ಮಾತಷ್ಟ ಎಂಜಿನ್ನಿಗೆ ಕಿವಿ ಹಚ್ಚಿ ಕೇಳತಿದ್ದೆ.

ಇಂತಿ,
ಬಸಲಿಂಗಯ್ಯ