ಮಾರ್ಚ್ ತಿಂಗಳ ನೆರಳು

ಸೆಪ್ಟೆಂಬರ್ 4

ಇವತ್ತೂ ಊರಿನ ನಕ್ಷೆಗೆ ಬಣ್ಣ ತುಂಬುವ ಕೆಲಸ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಖಾಲಿ ಜಾಗಕ್ಕೆ ಏನೂ ಇಲ್ಲ. ನಗರ ಯೋಜನಾ ಕಚೇರಿಗೆ ಟೆಕ್ನಿಷಿಯನ್ ಆಗಿ ಸೇರಿ ಏಳು ತಿಂಗಳು. ಇನ್ನೂ ಪ್ರೊಬೇಷನ್. ಊರನ್ನೇ ಬದಲಿಸುತ್ತೇನೆಂದು ಬಂದವಳು ಊರಿಗೆ ಬಣ್ಣ ಹಚ್ಚುತ್ತಾ ಕೂತಿದ್ದೇನೆ... ಆದರೂ ಈ ಕೆಲಸ ಇಷ್ಟ. ಪರದೆಯ ಮೇಲೆ ಬೀದಿಗಳು ಸದ್ದಿಲ್ಲದೆ ಮಲಗಿರುತ್ತವೆ. ಮೌಸ್ ಹಿಡಿದು ಅವುಗಳ ಮೇಲೆ ತೇಲಿಕೊಂಡು ಹೋಗುತ್ತೇನೆ. ನಮ್ಮ ಓಣಿ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ನಮ್ಮ ಮನೆಯ ಚೌಕ ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರೊಳಗೆ ಅಮ್ಮ ದಕ್ಷಿಣದ ಕಿಟಕಿ ಪಕ್ಕ ಕೂತಿರುತ್ತಾಳೆ, ಯಾರದೋ ಹರಿದ ಕೋಟಿಗೆ ರಫು ಮಾಡುತ್ತಾ, ಎಳೆಗೆ ಎಳೆ ಬಣ್ಣ ಹೊಂದಿಸುತ್ತಾ.

ಹಿರಿಯ ಡ್ರಾಫ್ಟ್ಸ್‌ಮನ್ ಬೆನ್ನ ಹಿಂದೆ ಬಂದು ನಿಂತರು. ಇಡೀ ಆಫೀಸಿಗೆ ಅವರು ಚಿಕ್ಕಪ್ಪ.

“ಏನಮ್ಮಾ ಕರಪತ್ರ, ಕ್ರಾಂತಿ ಎಲ್ಲಿಗೆ ಬಂತು?”

“ಮೂರನೇ ವಾರ್ಡಿಗೆ, ಚಿಕ್ಕಪ್ಪ.”

“ನಾಲ್ಕನೇದನ್ನ ಊಟದೊಳಗೆ ಮುಗಿಸು. ಕ್ರಾಂತಿಗೂ ಹೊಟ್ಟೆ ಇರುತ್ತೆ.”

ನನ್ನ ಬ್ಯಾಗಿನಲ್ಲಿ ಸದಾ ಕರಪತ್ರಗಳಿರುತ್ತವೆಂದು ಈ ಹೆಸರು. ಇಟ್ಟುಕೊಳ್ಳಲಿ. ಗೆರೆ ಎಳೆಯುವುದನ್ನು ಡಿಪ್ಲೊಮಾ ಕಲಿಸಿತು. ಯಾರಿಗಾಗಿ ಎಳೆಯಬೇಕು ಎನ್ನುವುದನ್ನು ರದ್ದಿ ಅಂಗಡಿಯಿಂದ ತಂದ ಆ ಹಾಳೆಗಳು ಕಲಿಸಿದವು.

ಸೆಪ್ಟೆಂಬರ್ 18, ಸಂಜೆ

ಬಂತು! ನಮ್ಮ ಓಣಿಯಾಚೆಯ ಬಯಲಿನಲ್ಲಿ ಆರು ಮಹಡಿಯ ಕಟ್ಟಡ. ಅದೇ ಬಯಲಿನ ಮೂಲೆಯಲ್ಲಿ ತಗಡಿನ ಶೆಡ್ಡುಗಳಲ್ಲಿ ಬದುಕುತ್ತಿರುವ ಸಂಸಾರಗಳಿಗೆ ಪಕ್ಕಾ ಮನೆ. ಎರಡು ವರ್ಷದ ಹಿಂದೆ ಇದಕ್ಕಾಗಿಯೇ ಬಾಗಿಲು ಬಾಗಿಲಿಗೆ ಹೋಗಿ ಕರಪತ್ರ ಹಂಚಿದ್ದೆ — ‘ಸೂರು ಕೇಳುವುದು ಭಿಕ್ಷೆಯಲ್ಲ’. ನಮ್ಮ ಓಣಿಯ ನಿವಾಸಿಗಳ ಸಂಘದ ಅಧ್ಯಕ್ಷರು ನನ್ನೆದುರಿಗೇ ಅದನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು.

ಈಗ ಆ ಕಟ್ಟಡದ ನೆರಳಿನ ಹಾಳೆ ನನ್ನ ಪಾಲಿಗೆ. ಕಟ್ಟಡ ಇನ್ನೂ ಇಲ್ಲ, ಅದರ ನೆರಳನ್ನು ಮಾತ್ರ ಮೊದಲೇ ಎಳೆಯಬೇಕು. ಯಾವ ಹೊತ್ತಿಗೆ ಯಾರ ಮನೆಯ ಮೇಲೆ ಬೀಳುತ್ತದೆಂದು ತೋರಿಸಬೇಕು. ಹುಟ್ಟದವನ ನೆರಳು! ಬಸ್ಸಿನಲ್ಲಿ ಬರುವಾಗ ಕಂಬ, ಮರ, ಮನುಷ್ಯ ಎಲ್ಲವೂ ಗಡಿಯಾರದ ಮುಳ್ಳಿನ ಹಾಗೆ ಕಂಡವು.

ಬಯಲಿನ ಛತ್ರಿ ರಿಪೇರಿಯವನಿಗೆ ಹೇಳಿಯೇ ಮನೆಗೆ ಬಂದೆ. ಅವನು ಕಡ್ಡಿ ಕಟ್ಟುತ್ತಲೇ ಕೇಳಿಸಿಕೊಂಡ.

“ಊರಿನ ಛತ್ರಿಗಳನ್ನೆಲ್ಲ ಸರಿ ಮಾಡ್ತೀನಿ, ನನ್ನ ಮನೆ ಮಾತ್ರ ಸೋರುತ್ತೆ. ಯಾವ ಮಹಡಿ ಆದ್ರೂ ಸರಿ ತಾಯಿ, ಮೇಲಿಂದ ನೀರು ಬರದಿದ್ರೆ ಸಾಕು.”

ಸೆಪ್ಟೆಂಬರ್ 25

ನೆರಳಿನ ಲೆಕ್ಕಕ್ಕೆ ಡಿಸೆಂಬರ್ ತಾರೀಕು ಹಾಕಿ ನೋಡಿದೆ. ಚಳಿಗಾಲದಲ್ಲಿ ಸೂರ್ಯ ತಗ್ಗಿ ನಡೆಯುತ್ತಾನೆ, ನೆರಳು ಉದ್ದವಾಗುತ್ತದೆ. ಬೂದು ಬಣ್ಣ ಓಣಿ ದಾಟಿತು. ನಮ್ಮ ಸಾಲಿನ ಗೋಡೆ ಹತ್ತಿತು. ಉಳಿದ ಮನೆಗಳನ್ನು ಹಾದುಹೋಗಿ, ಬೆಳಗಿನಿಂದ ಸಂಜೆಯವರೆಗೆ ನಮ್ಮ ಕಿಟಕಿಯ ಮೇಲೆ ಮಾತ್ರ ಕೂತಿತು.

ಅಮ್ಮನ ಕಿಟಕಿ.

ಮಾರ್ಚ್ ಹಾಕಿದೆ. ನೆರಳು ಓಣಿಯಲ್ಲೇ ಮುದುರಿಕೊಂಡಿತು. ಯಾರ ಮನೆಗೂ ತಾಗಲಿಲ್ಲ.

“ಯಾವ ದಿನದ್ದು ಹಾಕ್ಬೇಕು, ಚಿಕ್ಕಪ್ಪ?”

“ರೂಢಿ ಅಂದ್ರೆ ಚಳಿಗಾಲದ್ದೇ. ನಿಯಮದಲ್ಲಿ ಮಾತ್ರ ದಿನ ಬರೆದಿಲ್ಲ.” ಕನ್ನಡಕದ ಮೇಲಿಂದ ನೋಡಿದರು. “ಯಾಕೆ? ಬೇಡ, ಹೇಳ್ಬೇಡ. ನಂಗೆ ರಿಟೈರ್‌ಮೆಂಟ್ ಹತ್ತಿರ ಬಂದಿದೆ.”

ಒಂದು ಮನೆ ಕತ್ತಲಾದರೂ ಹಾಳೆಯಲ್ಲಿ ಗುರುತು ಹಾಕಬೇಕು. ಗುರುತು ಹಾಕಿದರೆ ಸಂಘದವರು ಅದನ್ನೇ ಹಿಡಿದುಕೊಂಡು ಕುಣಿಯುತ್ತಾರೆ. ಅವರಿಗೆ ಬೇಕಿರುವುದು ಬಿಸಿಲಲ್ಲ, ಬಡವರು ಬರಬಾರದು ಅಷ್ಟೆ. ಒಂದು ಕಿಟಕಿ ಒಂದು ಕಡೆ, ಅಷ್ಟೊಂದು ಸಂಸಾರ ಇನ್ನೊಂದು ಕಡೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ?

ಸೆಪ್ಟೆಂಬರ್ 26

ಮಾರ್ಚ್ ಹಾಳೆ ಕೊಟ್ಟೆ. ಕೆಳಗೆ ‘ತಯಾರಿಸಿದವರು’ ಎಂಬಲ್ಲಿ ನನ್ನ ಸಹಿ.

ಊಟಕ್ಕೆ ಕೂತಾಗ ಅಮ್ಮ ಕೇಳಿದಳು. “ಅಷ್ಟು ಎತ್ತರ ಕಟ್ತಾರಂತಲ್ಲ, ನಮಗೆ ಬಿಸಿಲು ಬರುತ್ತೆ ತಾನೆ? ಲೈಟ್ ಕೆಳಗೆ ನಂಗೆ ಕಪ್ಪೂ ಒಂದೇ, ನೀಲಿನೂ ಒಂದೇ. ನೀಲಿ ಕೋಟಿಗೆ ಕಪ್ಪು ದಾರ ಹಾಕಿದ್ರೆ ಗಿರಾಕಿ ಸುಮ್ನೆ ಬಿಡ್ತಾರಾ?”

“ಬರುತ್ತಮ್ಮ.”

“ನೀನೇ ಅಲ್ವಾ ಲೆಕ್ಕ ಹಾಕೋದು. ಹಾಗಾದ್ರೆ ಸರಿ ಬಿಡು.”

ಅಕ್ಟೋಬರ್ 30

ಇಷ್ಟು ದಿನ ಬರೆಯಲಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲ ಎಂದಲ್ಲ.

ಚೀಫ್ ಮೇಡಂ ಕರೆದು ಹೊಗಳಿದರು. ಗೆರೆ ಸ್ವಚ್ಛವಾಗಿದೆಯಂತೆ. ಹೊಸ ವರ್ಷಕ್ಕೆ ಖಾಯಂ ಮಾಡುತ್ತಾರಂತೆ. ಅಮ್ಮನಿಗೆ ಹೇಳಿದೆ, ಕೆನ್ನೆ ಹಿಂಡಿದಳು.

ಒಂದೇ ಕನಸು ಮತ್ತೆ ಮತ್ತೆ. ನೆರಳು ದೊಡ್ಡ ಸಾಕುಪ್ರಾಣಿಯ ಹಾಗೆ ಓಣಿಯೊಳಗೆ ಬರುತ್ತದೆ. ಒಂದೊಂದೇ ಮೆಟ್ಟಿಲು ಮೂಸುತ್ತದೆ. ನಮ್ಮ ಕಿಟಕಿ ಕೆಳಗೆ ಮುಖ ಊರಿ ಮಲಗುತ್ತದೆ. ಹೋಗು ಎನ್ನುತ್ತೇನೆ. ಅದು ಬಾಲ ಅಲ್ಲಾಡಿಸುತ್ತದೆ... ಸಾಕಿದವಳು ನಾನೇ ಎಂಬಂತೆ.

ಡಿಸೆಂಬರ್ 2

ಹದಿನಾರಕ್ಕೆ ಕಟ್ಟಡದ ಬಗ್ಗೆ ಅಹವಾಲು ಸಭೆ. ಅದಕ್ಕೆ ಮೊದಲು ಬಲೂನ್ ಹಾರಿಸಬೇಕು. ಕಟ್ಟಡ ಎಷ್ಟು ಎತ್ತರ ಬರುತ್ತದೋ ಅಷ್ಟೇ ಎತ್ತರಕ್ಕೆ ದೊಡ್ಡ ಕೆಂಪು ಬಲೂನ್ ಬಿಟ್ಟು ಅಕ್ಕಪಕ್ಕದವರಿಗೆ ತೋರಿಸುವುದು ಇಲ್ಲಿನ ಪದ್ಧತಿ. ಹಗ್ಗ ಹಿಡಿಯುವವಳು ನಾನು.

“ಗಟ್ಟಿಯಾಗಿ ಹಿಡ್ಕೋ,” ಎಂದರು ಚಿಕ್ಕಪ್ಪ. “ಹಾರಿ ಹೋದ್ರೆ ನಿನ್ನ ಖಾಯಂ ಪತ್ರಾನೂ ಅದರ ಜೊತೆಗೇ ಹೋಗುತ್ತೆ.”

ಡಿಸೆಂಬರ್ 9

ಗಾಳಿಯೇ ಇರಲಿಲ್ಲ. ಬಲೂನ್ ನೆಟ್ಟಗೆ ಏರಿತು. ಬಯಲಿನ ಮಕ್ಕಳೆಲ್ಲ ಕತ್ತು ಎತ್ತಿ ನಿಂತರು. ಆಕಾಶ ಒಗೆದು ಹರವಿದ ಹಾಗಿತ್ತು. ಹಗ್ಗ ನನ್ನ ಕೈಯಲ್ಲಿ ಮೆಲ್ಲಗೆ ಉಸಿರಾಡುತ್ತಿತ್ತು. ಎಷ್ಟು ಚೆಂದವಿತ್ತೆಂದರೆ, ಒಂದಷ್ಟು ಹೊತ್ತು ಎಲ್ಲ ಮರೆತೆ.

ಆಮೇಲೆ ಕೆಳಗೆ ನೋಡಿದೆ. ದುಂಡಗಿನ ಸಣ್ಣ ನೆರಳು ಓಣಿ ದಾಟಿತ್ತು. ನಮ್ಮ ಸಾಲಿನ ಗೋಡೆ ಹತ್ತಿ ತೆವಳುತ್ತಿತ್ತು. ಹಾಳೆಯಲ್ಲಿ ನಾನು ಅಡಗಿಸಿದ್ದನ್ನು ಸೂರ್ಯ ಎಲ್ಲರೆದುರು ನಿಧಾನವಾಗಿ ಬರೆಯುತ್ತಿದ್ದ. ಯಾರೂ ಗಮನಿಸಲಿಲ್ಲ, ಎಲ್ಲರೂ ಮೇಲೆ ನೋಡುತ್ತಿದ್ದರು.

ನೆರಳು ಕಿಟಕಿಯೊಳಗೆ ಹೋಯಿತು. ಹಗ್ಗ ಎಳೆದುಬಿಡಬೇಕು ಎನಿಸಿತು. ಎಳೆಯಲಿಲ್ಲ. ಕಿಟಕಿಯಲ್ಲಿ ಅಮ್ಮನ ಮುಖ ಬಂತು. ಅವಳು ಬಲೂನನ್ನು ನೋಡಿದಳು. ಹಗ್ಗದ ಗುಂಟ ಕಣ್ಣು ಇಳಿಸುತ್ತಾ ಬಂದು, ಕೊನೆಗೆ ನನ್ನನ್ನು ನೋಡಿದಳು.

ಡಿಸೆಂಬರ್ 10

ಇವತ್ತು ಬೆಳಗ್ಗೆ ಅಮ್ಮ ಚಹಾ ಕೊಡುತ್ತಾ —

“ಹೊಲಿಯೋ ಬಟ್ಟೆ ಮೇಲೆ ದುಂಡಗೆ ಕಪ್ಪು ಬಂತು. ಕಲೆ ಅಂತ ಒರೆಸಿದೆ. ಒರೆಸೋ ಕೈ ಮೇಲೇ ಹತ್ತಿತು.” ಆ ಕೈಯನ್ನು ನನ್ನ ಮುಂದೆ ಹಿಡಿದಳು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಕೇಳಿದಾಗ್ಲೂ?”

“ಹೂಂ.”

ಶುರು ಮಾಡಿದೆ — ಸೋರುವ ತಗಡು, ಸಂಘದವರ ಕುತಂತ್ರ, ಸೂರಿನ ಹಕ್ಕು. ಅಮ್ಮ ಲೋಟ ಕೆಳಗಿಟ್ಟಳು.

“ಆ ಭಾಷಣ ಅಧ್ಯಕ್ಷರ ಮುಂದೆ ಮಾಡು. ಆ ಶೆಡ್ಡಿನವರಿಗೆ ಮನೆ ಬೇಡ ಅಂದೋಳು ನಾನಾ? ಕೇಳಿದ್ರೆ ಕೊಡ್ತಿದ್ನೋ ಏನೋ. ನೀನು ಕೇಳ್ಲೇ ಇಲ್ಲ. ನನ್ನ ಬಿಸಿಲು ನನ್ನನ್ನೇ ಕೇಳ್ದೆ ದಾನ ಮಾಡಿದ್ದೀಯ, ಧರ್ಮಾತ್ಮೆ!”

ಎಷ್ಟು ಕರಪತ್ರ ಓದಿದ್ದೇನೆ... ಈ ಮಾತು ಒಂದರಲ್ಲೂ ಇರಲಿಲ್ಲ.

ಡಿಸೆಂಬರ್ 11

ಡಿಸೆಂಬರಿನ ಹಾಳೆ ಎಳೆದು, ನಮ್ಮ ಮನೆಗೆ ಗುರುತು ಹಾಕಿ, ಮೇಡಂ ಮೇಜಿನ ಮೇಲಿಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

“ಮಾರ್ಚ್ ಹಾಕು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ ಮೇಡಂ. ನಾನೇ.”

“ಆ ಕಟ್ಟಡ ಏಳ್ಲಿ ಅಂತಾನಾ?”

ತಲೆಯಾಡಿಸಿದೆ.

“ಇದು ಸಂಘದವರ ವಕೀಲರ ಕೈಗೆ ಸಿಕ್ಕಿದ್ರೆ ಕಟ್ಟಡಾನೇ ಇರ್ತಿರಲಿಲ್ಲ, ಗೊತ್ತಾ? ಸಹಿ ಮಾಡಿದ ನಾನೂ ಇರ್ತಿರಲಿಲ್ಲ.” ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಸಭೆ ಮುಂದಕ್ಕೆ ಹೋಯಿತು. ನನ್ನ ಪ್ರೊಬೇಷನ್ ಇನ್ನೊಂದು ವರ್ಷ. ಬೇರೆ ದಾರಿ ಹುಡುಕಿ ನಾನೇ ಮತ್ತೆ ಎಳೆಯಬೇಕು.

ಚಿಕ್ಕಪ್ಪ ಎದ್ದು ಬಂದರು. ತಮ್ಮ ಒಳ್ಳೆಯ ಸ್ಕೇಲ್ ತಂದು ನನ್ನ ಮೇಜಿನ ಮೇಲಿಟ್ಟು ಹೋದರು.

ಡಿಸೆಂಬರ್ 14

ಛತ್ರಿಯವನಿಗೆ ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ.

“ಅಂದ್ರೆ ಮುಂದಿನ ಮಳೆಗಾಲಾನೂ ಇಲ್ಲೇ,” ಎಂದ. ಸಿಟ್ಟು ಮಾಡಲಿಲ್ಲ. ಒಂದು ಛತ್ರಿ ಬಿಚ್ಚಿ, ತೂತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. “ಹೇಳೋದೇ ಹೇಳಿದೆ, ಕೊನೇ ತನಕ ನಿಲ್ಲೋ ಸುಳ್ಳು ಹೇಳೋಕೆ ಬರ್ಲಿಲ್ವಾ ತಾಯಿ ನಿಂಗೆ?”

ಅವನು ನಕ್ಕ. ಒಳಗೆ ಅವನ ಹೆಂಡತಿ ನಗಲಿಲ್ಲ.

ಡಿಸೆಂಬರ್ 20, ಭಾನುವಾರ ಮಧ್ಯಾಹ್ನ

ಪರದೆಯ ಮೇಲೆ ಕಟ್ಟಡವನ್ನು ರಸ್ತೆ ಕಡೆಗೆ ಸರಿಸಿದೆ, ನಿಯಮ ಬಿಡುವುದಿಲ್ಲ. ತಿರುಗಿಸಿದೆ, ನೆರಳು ಪಕ್ಕದ ಸಾಲಿಗೆ ಹೋಯಿತು. ವಾರವಿಡೀ ಮೋಡದೊಳಗೆ ಓಡಾಡಿದ ಹಾಗೆ ಆ ಬೂದು ಬಣ್ಣದೊಳಗೆ ಓಡಾಡಿದ್ದೇನೆ. ಉಳಿದದ್ದು ಒಂದೇ ದಾರಿ. ಮೇಲಿನ ಮಹಡಿಯ ಒಂದು ಮೂಲೆ ತೆಗೆದರೆ ಚಳಿಗಾಲದಲ್ಲೂ ಮಧ್ಯಾಹ್ನದ ಒಂದು ತುಂಡು ಬಿಸಿಲು ಅಮ್ಮನ ಮೇಜಿಗೆ ಬರುತ್ತದೆ. ಆ ಮೂಲೆಯಲ್ಲಿ ಎರಡು ಮನೆಗಳಿವೆ.

ಎರಡು ಹಾಳೆ ಎಳೆದೆ, ಮೂಲೆ ಇರುವುದು, ಇಲ್ಲದಿರುವುದು. ಎರಡಕ್ಕೂ ಸಹಿ ಮಾಡಿಲ್ಲ. ಅಮ್ಮನ ಪಕ್ಕ ಹೋಗಿ ಕೂತು ತೋರಿಸಿದೆ. ಎಲ್ಲವನ್ನೂ ಹೇಳಿದೆ. ಈ ಸಲ ಭಾಷಣ ಸೇರಿಸಲಿಲ್ಲ.

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆ ಮೂಲೆಯ ಮೇಲೆ ಬೆರಳಿಟ್ಟಳು.

“ಈ ಎರಡು ಮನೆ ಯಾರ್ದು?”

“ಇನ್ನೂ ಹೆಸರು ಬರೆದಿಲ್ಲಮ್ಮ. ಛತ್ರಿಯವನದೇ ಆದ್ರೂ ಆಗಬಹುದು.”

ಅವಳು ಕಿಟಕಿಯಾಚೆ ನೋಡುತ್ತಿದ್ದಾಳೆ. ನಾನು ಇಲ್ಲೇ, ಅವಳ ಮೊಣಕೈ ಪಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ದಾರದ ಉಂಡೆಗಳ ಮೇಲೆ ಬಿಸಿಲು ಬಿದ್ದಿದೆ — ಕಪ್ಪು ಕಪ್ಪಾಗಿ, ನೀಲಿ ನೀಲಿಯಾಗಿ. ಏನು ಹೇಳುತ್ತಾಳೋ ಗೊತ್ತಿಲ್ಲ. ಏನು ಹೇಳಲಿ ಎಂದು ನಾನು ಬಯಸುತ್ತಿದ್ದೇನೆ ಎನ್ನುವುದೂ ಗೊತ್ತಿಲ್ಲ.

ಈ ಕಡೆ ತಿರುಗಿದಳು.

“ಬರಿಯೋದು ನಿಲ್ಸು. ಇಲ್ಲಿ ಕೇಳು,” ಅನ್ನುತ್ತಿದ್ದಾಳೆ —