ನೀರು ನಿಲ್ಲಿಸಿದ ಪಾತಿ

ಮೊಳಕಾಲ್ಮೂರು
ಮಾಘ ಬಹುಳ ಪಂಚಮಿ, ೧೯೦೯

ಕೊಂಡ್ಲಹಳ್ಳಿಯಲ್ಲಿರುವ ನನ್ನ ಅವ್ವನ ಪಾದ ಮುಟ್ಟಿ ಪಾಲಮ್ಮ ಬರೆಯುವುದು.

ಪಾತಣ್ಣ ಇದನ್ನು ಓದಿ ಹೇಳುವಾಗ ಗಾಬರಿಯಾಗಬೇಡ, ಅವ್ವ. ಇಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟಿರುವುದು ನಿನ್ನ ಕಿವಿಗೂ ಬಿದ್ದಿರಬೇಕು. ಮನೆಯಲ್ಲಿ ಇಲಿ ಸತ್ತು ಬಿದ್ದ ಮಾರನೆಯ ದಿನವೇ ನಾವು ಬೀಗ ಹಾಕಿ ಗುಡ್ಡದಾಚೆ ಗುಡಿಸಲು ಕಟ್ಟಿಕೊಂಡೆವು. ನನ್ನ ಓರಗಿತ್ತಿ ಎರ್ರಮ್ಮನನ್ನು ಮಾತ್ರ ರಾಯದುರ್ಗದ ತವರಿಗೆ ಕಳಿಸಿದೆನೆಂದು ಅತ್ತೆ ತಿಪ್ಪಕ್ಕ ಹೇಳಿದರು. ಗಂಡನನ್ನು ಕಳೆದುಕೊಂಡವಳು, ಒಂದಿಷ್ಟು ದಿನ ತವರಲ್ಲಿರಲಿ ಎಂದುಕೊಂಡೆ.

ಗುಡಿಸಲಲ್ಲೇ ನಾದಿನಿ ಸೂರಮ್ಮ ಹೆತ್ತಳು. ಬಾಣಂತಿಗೆ ಒಂದು ಎಸಳು ಬೆಳ್ಳುಳ್ಳಿ ಇಲ್ಲ, ಸಂತೆ ನಿಂತಿದೆ. ನೀನು ಕೊಟ್ಟ ಬೀಜವನ್ನು ದೀಪಾವಳಿಯ ಮೇಲೆ ಹಿತ್ತಲಲ್ಲಿ ಊರಿದ್ದೆನಲ್ಲ, ಅದು ಬಲಿತಿತ್ತು. ಗರಿ ಹಳದಿಯಾದ ಮೇಲೆ ನೀರು ಕೊಟ್ಟರೆ ಗೆಡ್ಡೆ ಕೊಳೆಯುತ್ತದೆಂದು ನೀನು ಹೇಳಿದಂತೆ, ಊರು ಬಿಡುವ ಮೊದಲೇ ನೀರು ನಿಲ್ಲಿಸಿದ್ದೆ. ಕಿತ್ತು ತರುತ್ತೇನೆಂದರೆ ಅತ್ತೆ ಉರಿದುಬಿದ್ದರು. “ಆ ಮನೆ ಕಡೆ ಕಾಲಿಟ್ರೆ ನನ್ನ ಹೆಣ ನೋಡ್ತೀಯ!” ಎಂದರು. ರೋಗದ ಭಯವೆಂದು ತಿಳಿದೆ.

ಹೋದ ಸೋಮವಾರ ಬೆಳಿಗ್ಗೆ ಸೌದೆಯ ನೆಪ ಹೇಳಿ ಹೊರಟೆ. ಬೀದಿಯಲ್ಲಿ ಒಂದು ಮಗ್ಗದ ಸದ್ದಿಲ್ಲ. ಬೇಲಿ ಸರಿಸಿ ಹಿತ್ತಲಿಗೆ ಇಳಿದರೆ ಪಾತಿಯ ಅಂಚು ಒದ್ದೆ! ಬೆರಳಿಟ್ಟು ನೋಡಿದೆ, ಆಗತಾನೆ ಹಾಕಿದ ನೀರು. ಬೀಗ ಹಾಕಿದ ಮನೆಯಲ್ಲಿ ಯಾರಿದ್ದಾರೆ? ಕಳ್ಳ ಗಿಡಕ್ಕೆ ನೀರು ಹಾಕುತ್ತಾನೆಯೇ? ಕುಡುಗೋಲು ಬಿಗಿಹಿಡಿದು ಹಿತ್ತಲ ಬಾಗಿಲು ನೂಕಿದೆ.

“ರಾವದ್ದು ಪಾಲಮ್ಮಾ, ರಾವದ್ದು! ಹತ್ರ ಬರಬ್ಯಾಡ.”

ಎರ್ರಮ್ಮ! ಮಗ್ಗದ ಪಕ್ಕ ಚಾಪೆಯ ಮೇಲೆ ಬಿದ್ದಿದ್ದಳು. ಕಂಕುಳಲ್ಲಿ ಗಡ್ಡೆ.

“ನಂಗೆ ರೋಗ ಐತೆ ಅಂತ ಗೊತ್ತಾದ್ರೆ ಸರ್ಕಾರದೋರು ಬಂದು ಸೂರು ಬಿಚ್ಚಿ ಮಗ್ಗ ಸುಡ್ತಾರಂತೆ. ಮಗ್ಗ ಹೋದ್ರೆ ಏನ್ ತಿಂತೀರ? ನಾನೇ ಅತ್ತೆಗೆ ಬಿಟ್ಟೋಗು ಅಂದೆ” ಎಂದಳು. ಅತ್ತೆ ನೀರು, ಹುರಿಹಿಟ್ಟು ಇಟ್ಟು ಮುಂಬಾಗಿಲಿಗೆ ಬೀಗ ಹಾಕಿದ್ದರು. ಆ ಕುಡಿಯುವ ನೀರಿನಲ್ಲೇ ಒಂದೊಂದು ಚೊಂಬು ಉಳಿಸಿ, ತೆವಳಿಕೊಂಡು ಹೋಗಿ ಪಾತಿಗೆ ಹಾಕುತ್ತಿದ್ದಳು. “ಗರಿ ಹಳದಿ ಆಗಿದ್ವು ಕಣೆ. ಒಣಗಿ ಸಾಯ್ತಾವೇನೋ ಅಂತ ಹೊಟ್ಟೆ ಉರೀತು.” ಮಗ್ಗ ಬಲ್ಲವಳು, ಬೆಳ್ಳುಳ್ಳಿ ಬಲ್ಲವಳಲ್ಲ. ಬೈಯಲು ಬಾಯಿ ತೆರೆದವಳು ಅತ್ತುಬಿಟ್ಟೆ.

ಗಂಜಿ ಕಾಸಿ ಕುಡಿಸಿ ಗುಡಿಸಲಿಗೆ ಬಂದೆ. ಅತ್ತೆ ನನ್ನ ಮುಖ ನೋಡಿದರು, ತಲೆ ತಗ್ಗಿಸಿದರು. ಈಗ ನಮ್ಮ ಯಜಮಾನರು ದಿನವೂ ಬೇಲಿಯ ಬಳಿ ನೀರು, ಅಕ್ಕಿ ಇಟ್ಟು ಬರುತ್ತಾರೆ. ಎರ್ರಮ್ಮನ ಗಡ್ಡೆ ಒಡೆದು ಜ್ವರ ಇಳಿಯುತ್ತಿದೆ. ಆ ಹಿತ್ತಲ ಬೆಳ್ಳುಳ್ಳಿ ಬಾಣಂತಿಗೆ ಬೇಡವೆಂದು ಕೀಳಲಿಲ್ಲ. ನಿಮ್ಮಲ್ಲಿ ಕಿತ್ತಿದ್ದರೆ ಒಂದು ಗಂಟು ಗುಡ್ಡದಾಚೆಯ ಗುಡಿಸಲಿಗೆ ಕಳಿಸು. ನಾನು ಚೆನ್ನಾಗಿದ್ದೇನೆ.

ನಿನ್ನ ಮಗಳು,
ಪಾಲಮ್ಮ

ಪಾತಣ್ಣ, ಇಲ್ಲಿಂದ ಮುಂದೆ ಅವ್ವನಿಗೆ ಓದಬೇಡ. ನಾನು ಗುಡಿಸಲಿಗೆ ಹಿಂದಿರುಗಲೇ ಇಲ್ಲ. ರೋಗಿಯನ್ನು ಮುಟ್ಟಿದ ಕೈಯಲ್ಲಿ ಹಸುಗೂಸಿನ ಹತ್ತಿರ ಹೇಗೆ ಹೋಗಲಿ? ಸೋಮವಾರದಿಂದ ಎರ್ರಮ್ಮನ ಜೊತೆ ಈ ಮನೆಯಲ್ಲೇ ಇದ್ದೇನೆ. ಅತ್ತೆ ತಲೆ ತಗ್ಗಿಸಿದ್ದು ಬೇಲಿಯಾಚೆ ನಿಂತು. ನಿನ್ನೆಯಿಂದ ನನಗೂ ಚಳಿಜ್ವರ. ನೀನು ಬರಬೇಡ. ಈ ಕಾಗದ ಸುಟ್ಟು ಕೈ ತೊಳೆದುಕೋ. ಎರ್ರಮ್ಮ ಗೋಡೆ ಹಿಡಿದು ಎದ್ದಿದ್ದಾಳೆ. ನನಗೆ ಗಂಜಿ ಕಾಸಲು ಒಲೆ ಊದುತ್ತಿದ್ದಾಳೆ.